ಚಪ್ಪೆಯ ಪಕ್ಕದ ನೋವನ್ನು ನಾನು ಹತೋಟಿಗೆ ತಂದ ಬಗೆ

ಮಗ್ಗುಲಾದರೆ ನೋವು. ಈ ತೊಂದರೆಯ ಮೊದಲ ಗುರುತೇ ಅದು. ಅಂಗಾತ ಮಲಗಿರುವಾಗ ಸುಮ್ಮನಿದ್ದದ್ದು, ನೋಯುವ ಬದಿಗೆ ಹೊರಳಿದ ಸ್ವಲ್ಪ ಹೊತ್ತಿಗೆ ನಿದ್ದೆಯಿಂದ ಎಬ್ಬಿಸುತ್ತದೆ. ಇನ್ನೊಂದು ಬದಿಗೆ ತಿರುಗಿದರೂ ಪೂರ್ತಿ ಬಿಡುವುದಿಲ್ಲ. ಹಗಲಿನಲ್ಲಿ ಮೆಟ್ಟಿಲು ಹತ್ತುವಾಗ, ಕುಳಿತಲ್ಲಿಂದ ಎದ್ದು ಮೊದಲ ಹೆಜ್ಜೆಗಳನ್ನು ಇಡುವಾಗ, ಒಂಟಿಗಾಲಲ್ಲಿ ನಿಂತು ಬಟ್ಟೆ ತೊಡುವಾಗ ಸೊಂಟದ ಪಕ್ಕದ ಉಬ್ಬುಮೂಳೆಯ ಮೇಲೆ ಚುಚ್ಚುತ್ತದೆ. ಕೆಲವೊಮ್ಮೆ ತೊಡೆಯ ಹೊರಬದಿಯಲ್ಲಿ ಮಂಡಿಯವರೆಗೂ ಇಳಿಯುತ್ತದೆ. ನನ್ನನ್ನು ಪರೀಕ್ಷಿಸಿದ ವೈದ್ಯರು ಇದು ಟ್ರೊಕ್ಯಾಂಟರಿಕ್ ಬರ್ಸೈಟಿಸ್, ಅಂದರೆ ಆ ಉಬ್ಬುಮೂಳೆಯ ಮೇಲಿನ ದ್ರವಚೀಲದ ಉರಿಯೂತ ಎಂದರು. ನನಗೆ ಗುಣವಾದದ್ದು ಬರಿಯ ವಿಶ್ರಾಂತಿಯಿಂದಲ್ಲ. ಆ ಜಾಗವನ್ನು ದಿನವಿಡೀ ಹಿಸುಕುತ್ತಿದ್ದ ಭಂಗಿಗಳನ್ನು ಬಿಟ್ಟೆ, ಅಲ್ಲಿನ ಸ್ನಾಯುಗಳಿಗೆ ಸ್ವಲ್ಪಸ್ವಲ್ಪವಾಗಿ ಕೆಲಸ ಹೆಚ್ಚಿಸುತ್ತ ಹೋದೆ. ಈ ಎರಡೂ ಒಟ್ಟಿಗೆ ನಡೆದದ್ದರಿಂದಲೇ ಫಲ ಸಿಕ್ಕಿತು.

ತೊಡೆಮೂಳೆಯ ಮೇಲ್ತುದಿಯಲ್ಲಿ, ಹೊರಬದಿಗೆ, ಕೈಗೆ ಸಿಗುವ ಗಟ್ಟಿ ಉಬ್ಬಿಗೆ ದೊಡ್ಡ ಟ್ರೊಕ್ಯಾಂಟರ್ ಎಂದು ಹೆಸರು. ಪೃಷ್ಠದ ಗ್ಲೂಟಿಯಸ್ ಮೀಡಿಯಸ್ ಮತ್ತು ಗ್ಲೂಟಿಯಸ್ ಮಿನಿಮಸ್ ಸ್ನಾಯುಗಳ ರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಎಳೆಗಳು) ಇಲ್ಲಿಗೆ ಬಂದು ಅಂಟಿಕೊಳ್ಳುತ್ತವೆ. ಅವುಗಳ ಮೇಲೆ ತೊಡೆಯ ಹೊರಬದಿಯ ಉದ್ದನೆಯ ಗಟ್ಟಿ ಪಟ್ಟಿಯಾದ ಇಲಿಯೋಟಿಬಿಯಲ್ ಪಟ್ಟಿ ಹಾದು ಮಂಡಿಯ ಕೆಳಗಿನವರೆಗೆ ಹೋಗುತ್ತದೆ. ಇವುಗಳ ನಡುವೆ ತಿಕ್ಕಾಟ ತಪ್ಪಿಸಲು ಇರುವ, ಒಂದಿಷ್ಟು ದ್ರವ ತುಂಬಿದ ತೆಳು ಚೀಲವೇ ಬರ್ಸಾ. ಬಹುಕಾಲ ಈ ಚೀಲದ ಉರಿಯೂತವೇ ನೋವಿಗೆ ಕಾರಣವೆಂದು ತಿಳಿಯಲಾಗಿತ್ತು. ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಬಂದಮೇಲೆ ಚಿತ್ರ ಬದಲಾಯಿತು: ಹೆಚ್ಚಿನವರಲ್ಲಿ ಮುಖ್ಯ ತೊಂದರೆ ಇರುವುದು ಸ್ನಾಯುರಜ್ಜುವಿನಲ್ಲಿ. ಬರ್ಸಾ ಊದಿಕೊಂಡಿರುವವರು ಕಡಿಮೆ, ಅವರಲ್ಲೂ ಅನೇಕರಿಗೆ ರಜ್ಜುವಿನ ತೊಂದರೆ ಜೊತೆಗಿರುತ್ತದೆ. ನಲವತ್ತು ದಾಟಿದ ಮಹಿಳೆಯರಲ್ಲಿ ಇದು ಹೆಚ್ಚು.

ರಜ್ಜುವಿನ ತೊಂದರೆ ಎಂದು ಅರ್ಥವಾದಾಗ ಚಿಕಿತ್ಸೆಯ ದಾರಿಯೂ ಸ್ಪಷ್ಟವಾಯಿತು. ತೊಡೆ ದೇಹದ ನಡುಗೆರೆಯನ್ನು ದಾಟಿ ಒಳಕ್ಕೆ ಸರಿದಾಗಲೆಲ್ಲ ಹೊರಗಿನ ಪಟ್ಟಿ ಬಿಗಿಯುತ್ತದೆ; ಅದರಡಿಯ ರಜ್ಜು ಮತ್ತು ಬರ್ಸಾ ಮೂಳೆಗೆ ಒತ್ತಿಕೊಳ್ಳುತ್ತವೆ. ಕಾಲ ಮೇಲೆ ಕಾಲು ಹಾಕಿ ಕೂರುವುದು, ಒಂದೇ ಕಾಲಿಗೆ ಭಾರ ಬಿಟ್ಟು ಸೊಂಟ ಓರೆ ಮಾಡಿ ನಿಲ್ಲುವುದು, ಮಂಡಿಗಳನ್ನು ಒಂದಕ್ಕೊಂದು ಒತ್ತಿ ಕೂರುವುದು, ಎಲ್ಲವೂ ಈ ಹಿಸುಕಾಟವೇ. ನೋವಿಲ್ಲದ ಬದಿಗೆ ಮಲಗಿದರೂ ಏಕೆ ನೋಯುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ: ಮೇಲಿನ ಕಾಲು ಮುಂದಕ್ಕೆ ಜಾರಿ ಹಾಸಿಗೆಗೆ ತಗ್ಗುತ್ತದೆ.

ಆದ್ದರಿಂದ ಮೊದಲು ನಿದ್ದೆಯನ್ನು ಸರಿಪಡಿಸಿದೆ. ಮಂಡಿಗಳ ನಡುವೆ ದಿಂಬು ಇಡಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪುಟ್ಟ ದಿಂಬು ಮಂಡಿಗಷ್ಟೇ ಆಸರೆಯಾದರೆ ಪಾದ ಕೆಳಕ್ಕೆ ಜೋತು ಬಿದ್ದು ತೊಡೆ ತಿರುಚಿಕೊಳ್ಳುತ್ತದೆ. ಮಂಡಿಯಿಂದ ಕಣಕಾಲಿನವರೆಗೆ ಚಾಚುವ, ಮೇಲಿನ ಕಾಲು ಸೊಂಟದ ಮಟ್ಟದಲ್ಲೇ ನಿಲ್ಲುವಷ್ಟು ದಪ್ಪನೆಯ ದಿಂಬು ಬೇಕು. ನಾನು ಎರಡು ದಿಂಬುಗಳನ್ನು ಉದ್ದಕ್ಕೆ ಇಟ್ಟುಕೊಂಡೆ, ನಿದ್ದೆಯಲ್ಲಿ ಹಿಂದಕ್ಕೋ ಮುಂದಕ್ಕೋ ಉರುಳದಂತೆ ಬೆನ್ನಿಗೆ ಇನ್ನೊಂದನ್ನು ಕೊಟ್ಟೆ. ಅಂಗಾತ ಮಲಗುವ ರಾತ್ರಿಗಳಲ್ಲಿ ಮಂಡಿಯಡಿಗೆ ಒಂದು. ನಿದ್ದೆ ಮರಳಿದ್ದೇ ದೊಡ್ಡ ನೆಮ್ಮದಿ. ನಿದ್ದೆಗೆಟ್ಟ ದೇಹಕ್ಕೆ ಸಣ್ಣ ನೋವೂ ದೊಡ್ಡದೇ.

ಮಂಡಿಯನ್ನು ಎದುರು ಭುಜದತ್ತ ಎಳೆದು ಪೃಷ್ಠವನ್ನು ಹಿಗ್ಗಿಸುವ ವ್ಯಾಯಾಮವನ್ನು ಈ ನೋವಿಗೆ ಬಹಳ ಜನ ಸೂಚಿಸುತ್ತಾರೆ. ನಾನು ಅದನ್ನು ಕೈಬಿಟ್ಟೆ. ಹಿಗ್ಗಿಸುವಾಗ ಹಿತವೆನಿಸಬಹುದು, ಆದರೆ ಅದೂ ತೊಡೆಯನ್ನು ನಡುಗೆರೆ ದಾಟಿಸಿ ರಜ್ಜುವನ್ನು ಅದೇ ಮೂಳೆಗೆ ಒತ್ತುತ್ತದೆ. ನೋಯುವ ಉಬ್ಬಿನ ಮೇಲೆಯೇ ರೋಲರ್ ಉರುಳಿಸುವುದನ್ನೂ ಮಾಡಲಿಲ್ಲ.

ಇನ್ನು ಸ್ನಾಯು ಬಲಪಡಿಸುವ ಕೆಲಸ. ಫಿಸಿಯೋಥೆರಪಿಸ್ಟ್ ಕಲಿಸಿದ ಮೊದಲ ಪಾಠದಲ್ಲಿ ಚಲನೆಯೇ ಇರಲಿಲ್ಲ. ಅಂಗಾತ ಮಲಗಿ, ಮಂಡಿಗಳ ಮೇಲ್ಭಾಗಕ್ಕೆ ಬೆಲ್ಟ್ ಸುತ್ತಿ, ಎರಡೂ ತೊಡೆಗಳನ್ನು ಹೊರಕ್ಕೆ ಮೆಲ್ಲನೆ ಒತ್ತಿ ಹಿಡಿಯುವುದು, ಬಿಡುವುದು. ಕಾಲು ಸರಿಯುವುದಿಲ್ಲ, ಸ್ನಾಯು ಮಾತ್ರ ಎಚ್ಚರಗೊಳ್ಳುತ್ತದೆ. ಅದು ಸಲೀಸಾದ ಮೇಲೆ ಸೊಂಟ ಎತ್ತುವ ಸೇತುವೆ ವ್ಯಾಯಾಮ, ಕುರ್ಚಿಯಿಂದ ನಿಧಾನವಾಗಿ ಏಳುವುದು-ಕೂರುವುದು, ಪಕ್ಕಕ್ಕೆ ಹೆಜ್ಜೆ ಹಾಕುವುದು, ಕೊನೆಗೆ ಒಂಟಿಗಾಲಿನ ಮೇಲೆ ಮೆಟ್ಟಿಲೇರುವುದು. ಕನ್ನಡಿಯ ಮುಂದೆ ನಿಂತು ಸೊಂಟಪಟ್ಟಿಯ ಗೆರೆಯನ್ನೇ ನೋಡುತ್ತಿದ್ದೆ. ನೋಯುವ ಕಾಲಿನ ಮೇಲೆ ನಿಂತಾಗ ಆ ಗೆರೆ ಇನ್ನೊಂದು ಬದಿಗೆ ವಾಲಿದರೆ, ಗ್ಲೂಟಿಯಸ್ ಮೀಡಿಯಸ್ ಇನ್ನೂ ಭಾರ ಹೊರಲು ಸಿದ್ಧವಿಲ್ಲವೆಂದು ಅರ್ಥ. ಆಗ ಹಿಂದಿನ ಹಂತಕ್ಕೆ ಮರಳಬೇಕು.

ಅಳತೆಗೋಲು ಮರುದಿನ ಬೆಳಗ್ಗೆಯದು. ವ್ಯಾಯಾಮದ ವೇಳೆ ಅಲ್ಪಸ್ವಲ್ಪ ನೋವು ಸಹಜ. ರಾತ್ರಿ ಅದು ಹೆಚ್ಚಿದರೆ, ಬೆಳಗ್ಗೆ ಎದ್ದಾಗ ಮೊದಲಿಗಿಂತ ಜೋರಾಗಿದ್ದರೆ ಭಾರ ಅತಿಯಾಯಿತೆಂದೇ ತಿಳಿಯಬೇಕು. ಸ್ನಾಯುರಜ್ಜುಗಳು ನಿಧಾನವಾಗಿ ಚೇತರಿಸಿಕೊಳ್ಳುತ್ತವೆ. ವಾರಗಳಲ್ಲ, ತಿಂಗಳುಗಳ ಲೆಕ್ಕ. ನಡಿಗೆಯಲ್ಲೂ ಹೆಜ್ಜೆಯನ್ನು ಕಿರಿದು ಮಾಡಿದೆ, ಪಾದಗಳ ನಡುವೆ ಅಂತರ ಬಿಟ್ಟೆ. ನೋವು ತೀವ್ರವಾಗಿದ್ದಾಗ ಊರುಗೋಲು ಹಿಡಿಯುವುದಾದರೆ ಅದು ನೋವಿಲ್ಲದ ಬದಿಯ ಕೈಯಲ್ಲಿರಬೇಕು.

ಸ್ಟೀರಾಯ್ಡ್ ಚುಚ್ಚುಮದ್ದಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು 204 ಜನರನ್ನು ಮೂರು ಗುಂಪುಗಳಾಗಿ ವಿಂಗಡಿಸಿತ್ತು. ಎಂಟು ವಾರಗಳ ನಂತರ, ಭಂಗಿಯ ತಿಳಿವಳಿಕೆ ಮತ್ತು ವ್ಯಾಯಾಮ ಪಡೆದವರಲ್ಲಿ ನೂರಕ್ಕೆ ಸುಮಾರು 77 ಮಂದಿ ಸುಧಾರಿಸಿದ್ದರು. ಚುಚ್ಚುಮದ್ದು ಪಡೆದವರಲ್ಲಿ ಇದು ಸುಮಾರು 58, ಕಾದು ನೋಡಿದವರಲ್ಲಿ ಸುಮಾರು 29. ವರ್ಷದ ಕೊನೆಗೂ ವ್ಯಾಯಾಮದ ಗುಂಪೇ ಮುಂದಿತ್ತು. ಉಳಿದೆರಡರ ನಡುವೆ ಹೆಚ್ಚು ಅಂತರ ಉಳಿದಿರಲಿಲ್ಲ. ನಿದ್ದೆಯೇ ಇಲ್ಲದಷ್ಟು ನೋವಿರುವವರಿಗೆ ಚುಚ್ಚುಮದ್ದು ಬಿಡುವು ಕೊಡುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಬಿಡುವಿನಲ್ಲಿ ಸ್ನಾಯು ಬಲಪಡಿಸದಿದ್ದರೆ ನೋವು ಮರಳುವ ಸಾಧ್ಯತೆ ಹೆಚ್ಚು. ನೋವುನಿವಾರಕ ಮಾತ್ರೆಗಳಿಗೂ ಮಿತಿಯಿದೆ: ಐಬುಪ್ರೊಫೇನ್‌ನಂಥವು ಜಠರಕ್ಕೂ ಮೂತ್ರಪಿಂಡಕ್ಕೂ ತೊಂದರೆ ಕೊಡಬಹುದು, ವೈದ್ಯರನ್ನು ಕೇಳದೆ ದೀರ್ಘಕಾಲ ನುಂಗಬಾರದು.

ಸೊಂಟದ ಸುತ್ತಲಿನ ಎಲ್ಲ ನೋವೂ ಇದೇ ಅಲ್ಲ. ಒಂಟಿಗಾಲಲ್ಲಿ 30 ಸೆಕೆಂಡು ನಿಂತಾಗ ಹೊರಬದಿಯ ಉಬ್ಬಿನ ಬಳಿಯೇ ನೋವು ಕಾಣಿಸಿಕೊಂಡರೆ ಇದೇ ತೊಂದರೆಯೆಂಬ ಅನುಮಾನ ಬಲವಾಗುತ್ತದೆ. ನೋವು ತೊಡೆಸಂದಿನಲ್ಲಿದ್ದು, ಕಾಲುಚೀಲ ಹಾಕಿಕೊಳ್ಳುವುದೂ ಕಷ್ಟವಾಗುವಷ್ಟು ಕೀಲು ಬಿಗಿದಿದ್ದರೆ ಕೀಲಿನ ಸವೆತವನ್ನು ಪರೀಕ್ಷಿಸಬೇಕು. ಮಂಡಿಯ ಕೆಳಗೂ ಜೋಮು ಹಿಡಿದರೆ ಬೆನ್ನುಮೂಳೆಯತ್ತ ನೋಡಬೇಕು. ಜ್ವರದೊಂದಿಗೆ ಆ ಜಾಗ ಕೆಂಪಾಗಿ ಬಿಸಿಯಾದರೆ, ಅಥವಾ ಬಿದ್ದ ನಂತರ ಕಾಲೂರಲು ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನೋವು ಹೋದ ಮೇಲೂ ಏರುದಾರಿಯಲ್ಲಿ ಹೆಚ್ಚು ನಡೆದ ದಿನ ಅದು ಮತ್ತೆ ಇಣುಕುವುದುಂಟು. ಆಗ ಒಂದೆರಡು ದಿನ ಮೆಟ್ಟಿಲು ಮತ್ತು ದೂರದ ನಡಿಗೆ ಕಡಿಮೆ ಮಾಡುತ್ತೇನೆ, ಬೆಲ್ಟಿನ ವ್ಯಾಯಾಮಕ್ಕೆ ಹಿಂದಿರುಗುತ್ತೇನೆ, ನೋವು ತಗ್ಗಿದ ಕೂಡಲೇ ಮೆಟ್ಟಿಲಿನ ವ್ಯಾಯಾಮವನ್ನು ಅರ್ಧ ಪ್ರಮಾಣದಲ್ಲಿ ಶುರುಮಾಡುತ್ತೇನೆ. ಪೂರ್ತಿ ನಿಲ್ಲಿಸುವುದಿಲ್ಲ.