ಮನೆ ಕಂದಾಯ ಜಾಸ್ತಿ ಬಂದಿದ್ರೆ ಕಟ್ಟೋ ಮುಂಚೆ ಇದನ್ನ ನೋಡ್ರಿ

ದಾವಣಗೆರೆ ಸಿಟಿಯೋರು ಗಮನಿಸ್ರಿ, ಕಂದಾಯ ಜಾಸ್ತಿ ಆಯ್ತು ಅಂತ ಬೈಕೊಂಡು ಕಟ್ಟಿ ಬರೋ ಬದ್ಲು ಮೊದ್ಲು ಹಳೇ ಎಸ್‌ಎಎಸ್ ಫಾರಂ (ಕಂದಾಯ ನಾವೇ ಲೆಕ್ಕ ಹಾಕಿ ತುಂಬೋ ಫಾರಂ) ಹುಡುಕಿ ಈ ವರ್ಷದ್ದರ ಪಕ್ಕ ಇಟ್ಟು ನೋಡ್ರಿ. ಈಗ ಲೆಕ್ಕ ನಡೆಯೋದು ಸಬ್ ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರದ (ಆಸ್ತಿಗೆ ಸರ್ಕಾರ ಗೊತ್ತು ಮಾಡಿರೋ ಕನಿಷ್ಠ ಬೆಲೆ) ಮೇಲೆ, ಅದು ಏರಿಯಾಕ್ಕೊಂದು ರೋಡಿಗೊಂದು ಇರುತ್ತೆ, ನಿಟುವಳ್ಳಿ ಒಳಗಿನ ಕ್ರಾಸಲ್ಲಿರೋ ಮನೆಗೆ ಮೇನ್ ರೋಡಿನ ರೇಟ್ ಬಿದ್ದಿದ್ರೆ ಸುಮ್ನೆ ಬಿಡಬಾರದು, ಪ್ರತಿ ವರ್ಷ ಹೊರೆ ಅದು. ಚದರಡಿ, ಕಟ್ಟಡ ಕಟ್ಟಿದ ವರ್ಷ, ಆರ್‌ಸಿಸಿನೋ ಹೆಂಚೋ ಇವನ್ನೂ ನೋಡ್ರಿ, ಕಟ್ಟಡ ಹಳೇದಾದಷ್ಟೂ ಸವಕಳಿ (ಬೆಲೆಲಿ ಆಗೋ ಇಳಿಕೆ) ಕಳೀಬೇಕು.

ಎಲ್ಲಕ್ಕಿಂತ ಮುಖ್ಯ, ಮುಂದಿನ ಅಂಗಡಿ ಮಳಿಗೆ ಮುಚ್ಚಿ ರೂಮ್ ಮಾಡ್ಕೊಂಡಿರ್ತೀರಿ, ಆದ್ರೆ ದಾಖಲೆಲಿ ಇನ್ನೂ ವಾಣಿಜ್ಯ ಅಂತಾನೇ ಇರುತ್ತೆ! ಷಟರ್ ತೆಗೆದು ಗೋಡೆ ಕಟ್ಟಿರೋ ಫೋಟೋ, ಮನೆ ಕರೆಂಟ್ ಬಿಲ್, ಖಾತೆ ನಕಲು ಜೋಡಿಸಿ ಪಾಲಿಕೆ ಕಂದಾಯ ವಿಭಾಗಕ್ಕೆ ಅರ್ಜಿ ಕೊಡ್ರಿ, ಸ್ಥಳ ಪರಿಶೀಲನೆ ಮಾಡಿ ಅಂತ ಅದ್ರಲ್ಲೇ ಬರೀರಿ. ಬಾಯಿ ಮಾತಲ್ಲಿ ಹೇಳಿ ಬಂದ್ರೆ ಯಾರೂ ನೆನಪಿಟ್ಕೊಳಲ್ಲ, ಸೀಲ್ ಹಾಕಿದ ಸ್ವೀಕೃತಿ ಇಲ್ದೆ ಕೌಂಟರ್ ಬಿಟ್ಟು ಕದಲಬೇಡ್ರಿ. ಏಪ್ರಿಲ್‌ನಲ್ಲಿ ಕಟ್ಟಿದ್ರೆ 5% ರಿಯಾಯ್ತಿ ಸಿಗುತ್ತೆ, ಹಂಗಾಗಿ ಈ ಕೆಲಸ ಮಾರ್ಚ್ ಒಳಗೇ ಶುರು ಮಾಡೋದು ಒಳ್ಳೇದು.