ದುಡ್ಡು ಬಂದ್ಮೇಲೆ ಕಾಯೋದು ಮರ್ತೋಗಿದ್ರೆ ವಾಪಸ್ ಕಲಿಯೋದು ಹೇಗೆ

ಮೊದ್ಲೇ ಹೇಳ್ಬಿಡ್ತೀನಿ, ಇದು ಬೇರೆಯೋರಿಗೆ ಬುದ್ಧಿ ಹೇಳೋಕೆ ಬರೀತಿರೋದಲ್ಲ, ನನ್ನ ಥರದೋರಿಗೆ. ಚಿಕ್ಕೋನಿದ್ದಾಗ ಸೊಸೈಟಿ ಮುಂದೆ ಸೀಮೆಎಣ್ಣೆ ಕ್ಯಾನ್ ಇಟ್ಕೊಂಡು ಗಂಟೆಗಟ್ಲೆ ನಿಂತಿದ್ದೋನು ನಾನು. ಆಮೇಲೆ ಕೆಲಸ, ಶೇರು, ದೊಡ್ಡ ಕಾರು, ಗೇಟಿರೋ ಅಪಾರ್ಟ್‌ಮೆಂಟು ಎಲ್ಲಾ ಬಂತು, ತಾಳ್ಮೆ ಯಾವಾಗ ಹೋಯ್ತೋ ಗೊತ್ತೇ ಆಗ್ಲಿಲ್ಲ. ಒಂದಿನ ರಾತ್ರಿ ಗೇಟ್ ತೆಗೆಯೋದು ಸ್ವಲ್ಪ ಲೇಟಾಯ್ತು ಅಂತ ಹಾರ್ನ್ ಮೇಲಿಟ್ಟ ಕೈ ತೆಗೀಲೇ ಇಲ್ಲ. ಸೆಕ್ಯೂರಿಟಿಯವ್ರು ಓಡ್ಬಂದ್ರು, ಊಟಕ್ಕೆ ಕೂತಿದ್ರು ಪಾಪ, ಕೈಗೆಲ್ಲಾ ಸಾರನ್ನ ಮೆತ್ಕೊಂಡಿತ್ತು, ಮೊಣಕೈಯಲ್ಲೇ ಗೇಟ್ ತಳ್ಳಿದ್ರು. ಸಲ್ಯೂಟ್ ಹೊಡೆಯೋಕೆ ಕೈ ಎತ್ತಿ, ಎಂಜಲು ಕೈ ಅಂತ ನೆನಪಾಗಿ ಇಳಿಸ್ಬಿಟ್ರು. ವಯಸ್ಸು ನಮ್ಮಪ್ಪಂದು.

ಅದಕ್ಕೇ ಮೊದಲ ಕೆಲಸ, ಸಿಟ್ಟು ಬಂದಾಗ ಟೈಮ್ ನೋಡ್ಕೊಳಿ. ಫೋನಲ್ಲಿ ಸ್ಟಾಪ್‌ವಾಚ್ ಹಾಕಿ. ಗೇಟು, ಲಿಫ್ಟು, ಬಿಲ್ಲಿಂಗ್ ಕೌಂಟರು, ಎಲ್ಲಾ ಕಡೆ ಒಂದು ವಾರ ಅಳೆದೆ. ಯುಗ ಆಯ್ತು ಅಂತ ಕೂಗಾಡಿದ್ದೆಲ್ಲಾ ನೋಡಿದ್ರೆ 20 ಸೆಕೆಂಡು, 40 ಸೆಕೆಂಡು. ಮನೆಗೋಗಿ ಸೋಫಾ ಮೇಲೆ ಬಿದ್ಕೊಂಡು ಅರ್ಧ ಗಂಟೆ ರೀಲ್ಸ್ ನೋಡೋನಿಗೆ ಅಷ್ಟೊಂದು ಅರ್ಜೆಂಟ್ ಯಾಕೋ.

ಎರಡನೇದು ಕ್ಷಮೆ ಕೇಳೋದು. ಕಾರಿಂದ ಇಳಿದು ಕೇಳ್ಬೇಕು, ಗ್ಲಾಸ್ ಇಳಿಸಿ ಅಲ್ಲ. ಐನೂರರ ನೋಟು ಕೊಡ್ಬೇಡಿ, ಅದು ಬಾಯಿ ಮುಚ್ಚಿಸಿದ ಹಾಗೆ. "ಯಜಮಾನ್ರೇ, ನಿನ್ನೆ ತಪ್ಪಾಯ್ತು" ಅಂದೆ. "ಅಯ್ಯೋ ಬಿಡಿ ಸಾರ್, ದಿನಾ ಇದ್ದಿದ್ದೇ" ಅಂದ್ರು. ಆ "ದಿನಾ ಇದ್ದಿದ್ದೇ" ಕೇಳಿ ಮುಖ ಎಲ್ಲಿಟ್ಕೊಳೋದು ಗೊತ್ತಾಗ್ಲಿಲ್ಲ.

ಈಗ ಮುಖ್ಯವಾದ ವಿಷಯ, ಪ್ರಾಕ್ಟೀಸು. ದುಡ್ಡು ನಡೆಯದ ಜಾಗದಲ್ಲೇ ಪ್ರಾಕ್ಟೀಸ್ ಮಾಡ್ಬೇಕು. ನನ್ಗೆ ವರ್ಕ್ ಆಗಿದ್ದು ಬೆಂಗಳೂರು ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, 1943ರಿಂದ ಇರೋ ಹೋಟ್ಲು. ಭಾನುವಾರ ಬೆಳಗ್ಗೆ ಹೋಗಿ (ಶುಕ್ರವಾರ ಹೋಗ್ಬೇಡಿ, ರಜ), ಹೆಸ್ರು ಕೊಟ್ಟು ಹೊರಗೆ ಫುಟ್‌ಪಾತಲ್ಲಿ ನಿಂತ್ಕೊಳಿ. ನಿಮ್ಮ ಕಾರು ಯಾವ್ದು ಅಂತ ಅಲ್ಲಿ ಯಾರೂ ಕೇಳಲ್ಲ, ಒಳಗೆ ಕರೆದ್ರೂ ಗುರ್ತಿಲ್ಲದೋರ ಜೊತೆ ಒಂದೇ ಟೇಬಲ್ಲಲ್ಲಿ ಕೂರ್ಬೇಕು, ಸಪ್ಲೈಯರ್ ಕೈಮೇಲೆ ತಟ್ಟೆ ಮೇಲೆ ತಟ್ಟೆ ಪೇರಿಸ್ಕೊಂಡು ಬರ್ತಿರ್ತಾರೆ, ನಿಮ್ಮ ದೋಸೆ ಅದ್ರಲ್ಲಿ ಎಷ್ಟನೇದೋ ಏನೋ, ಸುಮ್ನೆ ನೋಡ್ತಾ ಕೂತ್ಕೊಳೋದೊಂದೇ ದಾರಿ. ಮೊದಲ ಸಲ ಮೂರು ಸಲ ಎದ್ದೋಗಿ "ನಮ್ದು ಎಷ್ಟೊತ್ತು" ಅಂತ ಕೇಳಿದ್ದೆ, ನಾಲ್ಕನೇ ಭಾನುವಾರ ಪಕ್ಕದಲ್ಲಿ ನಿಂತಿದ್ದ ಹಿರಿಯರ ಜೊತೆ ಮಾತಾಡ್ತಾ ನನ್ನ ಹೆಸ್ರು ಕರೆದಿದ್ದೇ ಕೇಳಿಸ್ಲಿಲ್ಲ.

ದುಡ್ಡು ಕೊಟ್ಟು ಬೇಗ ಹೋಗೋ ದಾರಿ ಅವ್ರೇ ಇಟ್ಟಿದ್ರೆ ತಗೊಳಿ, ತಪ್ಪೇನಿಲ್ಲ. ತಿರುಪತಿಯಲ್ಲಿ 300 ರೂಪಾಯಿ ಟಿಕೆಟ್ ಇದೆಯಲ್ಲ, ಹಾಗೆ. ಆದ್ರೆ ಅಲ್ಲೂ ಕ್ಯೂ ಇರತ್ತೆ ಸ್ವಾಮಿ, ಟಿಕೆಟ್ ತಗೊಂಡಿದೀನಿ ಅಂತ ಅದ್ರೊಳಗೂ ಮೊಣಕೈ ಹಾಕ್ಬೇಡಿ.

"ನಾನ್ಯಾರ್ ಗೊತ್ತಾ" ಅನ್ನೋದು ನಾಲಿಗೆ ತುದಿಗೆ ಬಂದ್ರೆ ಒಂದು ನೆನಪಿಟ್ಕೊಳಿ, 2017ರ ಮೇ 1ರಿಂದ ಮಂತ್ರಿಗಳ ಕಾರಿಂದಾನೇ ಕೆಂಪು ದೀಪ ಇಳಿಸಿದಾರೆ, ನಮ್ದೇನು. ಸುಮ್ ಸುಮ್ನೆ ಹಾರ್ನ್ ಹೊಡೆದ್ರೆ ಮೋಟಾರು ವಾಹನ ಕಾಯ್ದೆ 194ಎಫ್ ಪ್ರಕಾರ ಮೊದಲ ಸಲ 1,000, ಆಮೇಲೆ 2,000 ದಂಡ. ಆಂಬುಲೆನ್ಸಿಗೆ ದಾರಿ ಬಿಡದೇ ಹೋದ್ರೆ 10,000 ತನಕ ಹೋಗತ್ತೆ, ಜೈಲೂ ಆಗ್ಬಹುದು. ಆಂಬುಲೆನ್ಸ್ ಹಿಂದೇನೇ ಅಂಟ್ಕೊಂಡು ಸಿಗ್ನಲ್ ದಾಟೋ ಬುದ್ಧಿವಂತ್ರಿಗೆ ಎಷ್ಟು ಹಾಕಿದ್ರೂ ಕಮ್ಮಿ ಬಿಡಿ.

ಮನೇಲಿ ಮಕ್ಕಳಿದ್ರೆ ಇನ್ನೂ ಹುಷಾರಾಗಿರಿ. ನನ್ನ ಮಗನಿಗೆ ಒಂಬತ್ತು ವರ್ಷ, ಬಾಗಿಲು ತೆಗೆದು ಡೆಲಿವರಿ ಹುಡುಗನಿಗೆ "ಅಂಕಲ್, 10 ಮಿನಿಟ್ಸ್ ಅಂತ ಇತ್ತು, 14 ಆಯ್ತು" ಅಂದ. ಧ್ವನಿ ಥೇಟ್ ನಂದೇ. ಬೈಯ್ಯೋಕೆ ನನಗೆಲ್ಲಿ ಮುಖ? ಅವತ್ತಿಂದ ರೂಲ್ ಮಾಡಿದೀವಿ, ಆರ್ಡರ್ ಮಾಡಿದೋರೇ ಕೆಳಗೆ ಗೇಟಿಗೆ ಹೋಗಿ ತರ್ಬೇಕು. ಒಂದಿನ ಲಿಫ್ಟ್ ಕೆಟ್ಟಿತ್ತು, ಏಳು ಮಹಡಿ ಇಳಿದು ಹತ್ತಿ ಬಂದ, ಚಿಪ್ಸ್ ಪ್ಯಾಕೆಟ್ ಟೇಬಲ್ ಮೇಲಿಟ್ಟು ಏದುಸಿರು ಬಿಡ್ತಾ ಕೂತ. ಈಗ ವಾರಕ್ಕೊಂದು ಆರ್ಡರ್ ಆದ್ರೆ ಹೆಚ್ಚು. ಮಳೆ ಬಂದ್ರೆ ತಾನಾಗೇ "ಬೇಡ ಬಿಡಪ್ಪ, ನಾಳೆ ತರೋಣ" ಅಂತಾನೆ, ಅದು ಆ ಹುಡುಗನ ಮೇಲಿನ ಕನಿಕರಕ್ಕೋ ಮೆಟ್ಲು ಭಯಕ್ಕೋ ಕೇಳೋಕೆ ಹೋಗಿಲ್ಲ.

ನಾನು ಗೇಟಲ್ಲಿ ಹಾರ್ನ್ ಪೂರ್ತಿ ಬಿಟ್ಟಿದೀನಿ, ಲೈಟ್ ಡಿಮ್ ಮಾಡಿ ನಿಲ್ಲಿಸ್ತೀನಿ. ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ಕಲ್ಲಿ ಮಾತ್ರ ಕೈ ಇನ್ನೂ ಹಾರ್ನಿಗೆ ಹೋಗ್ಬಿಡತ್ತೆ.