ತ್ರೀ ಫೇಸ್ ಬಂದಾಗ ಸಾಯುತ್ತಿದ್ದ ಡಬ್ಬಿ: ಕರ್ನಲ್ ಬಫರ್ ಓವರ್‌ಫ್ಲೋ ಹಿಡಿದ ನನ್ನ ಅನುಭವ

ಗುಬ್ಬಿ ಕಡೆಯ ಅಡಿಕೆ ತೋಟಗಳಲ್ಲಿ ನಮ್ಮ ಡ್ರಿಪ್ ಕಂಟ್ರೋಲರ್ (ಹನಿ ನೀರಾವರಿಯ ವಾಲ್ವ್ ತೆರೆದು ಮುಚ್ಚುವ ಡಬ್ಬಿ) ಹನ್ನೆರಡು ಇವೆ. ಲಿನಕ್ಸ್ ಓಡುವ 32 ಬಿಟ್ ಆರ್ಮ್ ಬೋರ್ಡ್ (ಸಣ್ಣ ಕಂಪ್ಯೂಟರ್), ಆರ್‌ಎಸ್-485 ಅನ್ನುವ ಡೇಟಾ ತಂತಿಯಲ್ಲಿ ಸೆನ್ಸರ್‌ಗಳು, ಅವುಗಳ ಜೊತೆ ಮಾತಾಡುವ ಭಾಷೆ ಮಾಡ್‌ಬಸ್. ತ್ರೀ ಫೇಸ್ ಬಂದು ಮೋಟರ್ ಶುರುವಾಯಿತು ಅಂದರೆ ಅರ್ಧ ಗಂಟೆಯೊಳಗೆ ಯಾವುದಾದರೂ ಒಂದು ಡಬ್ಬಿ ಸಾಯುತ್ತಿತ್ತು. ಚೇಳೂರು ಹತ್ತಿರದ ರೈತರೊಬ್ಬರು ಫೋನ್ ಮಾಡಿ, "ಏನಪ್ಪಾ, ಕರೆಂಟ್ ಇಲ್ದಾಗ ಚೆನ್ನಾಗಿರ್ತದೆ, ಬಂದ ಮೇಲೆ ಕೈ ಕೊಡ್ತದಲ್ಲ ನಿನ್ನ ಡಬ್ಬಿ" ಅಂದರು. ವಾಲ್ವ್ ತೆರೆದೇ ಉಳಿದು ಅವರ ತೋಟದ ಒಂದು ಮೂಲೆ ಕೆಸರಾಗಿತ್ತು.

ಎಲ್ಲರೂ ಕರೆಂಟಿನ ತೊಂದರೆ ಅಂದರು. ನನ್ನ ಪಾಲುದಾರ, ಎಲೆಕ್ಟ್ರಿಷಿಯನ್, ಬೋರ್ಡ್ ಮಾರಿದವರು, ಎಲ್ಲರೂ. ಸರ್ಜ್ ಪ್ರೊಟೆಕ್ಟರ್, ಹೊಸ ಪವರ್ ಸಪ್ಲೈ, ಶೀಲ್ಡ್ ಇರುವ ಕೇಬಲ್ ಅಂತ ಸುಮಾರು 38 ಸಾವಿರ ಹೋಯಿತು. ತುಮಕೂರಿನಿಂದ ಓಡಾಡಿದ ಪೆಟ್ರೋಲ್ ಬೇರೆ. ಕೊನೆಗೆ ಒಂದು ಡಬ್ಬಿಯನ್ನು ಬರೀ ಬ್ಯಾಟರಿಯಲ್ಲಿ ಓಡಿಸಿದೆ. ಮೋಟರ್ ಹಾಕಿದ ಮೇಲೆ ಅದೂ ಸತ್ತಿತು. ಆವತ್ತೇ ನನಗೆ ಇದು ಕರ್ನಲ್ (ಲಿನಕ್ಸ್‌ನ ತಿರುಳು) ಒಳಗಿನ ವಿಷಯ ಅಂತ ಖಾತ್ರಿಯಾಯಿತು. ಯಾರೂ ನಂಬಲಿಲ್ಲ.

ಮೂರು ರಾತ್ರಿ ಪಂಪ್‌ಹೌಸ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸೀರಿಯಲ್ ಕನ್ಸೋಲ್ (ಕರ್ನಲ್ ಸಂದೇಶ ತೋರಿಸುವ ತಂತಿ) ಹಾಕಿಕೊಂಡು ಕೂತೆ. ಪ್ಯಾನಿಕ್, ಅಂದರೆ ಕರ್ನಲ್ ಸಾಯುವುದು, ಒಂದು ಸಲ ನೆಟ್‌ವರ್ಕ್ ಕೋಡ್‌ನಲ್ಲಿ, ಇನ್ನೊಂದು ಸಲ ಫೈಲ್ ಸಿಸ್ಟಂನಲ್ಲಿ, ಮತ್ತೊಂದು ಸಲ ಟೈಮರ್‌ನಲ್ಲಿ. ಹೀಗೆ ಜಾಗ ಬದಲಾಗುತ್ತಿದ್ದರೆ ಯಾವುದೋ ಕೋಡ್ ಪಕ್ಕದವರ ಮೆಮೊರಿ ಕೆಡಿಸುತ್ತಿದೆ ಅಂತ ಅನುಮಾನ ಬರಬೇಕು.

ಕಸಾನ್ (ಕರ್ನಲ್‌ನಲ್ಲಿ ಮೆಮೊರಿ ತಪ್ಪು ಹಿಡಿಯುವ ಸಾಧನ) ಹಾಕೋಣ ಅಂದರೆ ನಮ್ಮ ಕರ್ನಲ್ ಹಳೆಯ 4.19 ಆವೃತ್ತಿ. ಕಸಾನ್ 2015ರಲ್ಲೇ ಬಂದಿದ್ದರೂ 32 ಬಿಟ್ ಆರ್ಮ್‌ಗೆ ಸಿಕ್ಕಿದ್ದು 2021ರ 5.11ರಲ್ಲಿ. ಹೊಸ ಕರ್ನಲ್‌ಗೆ ಹೋಗಲು ಎರಡು ವಾರ ಒದ್ದಾಡಿದೆ, ಬೋರ್ಡ್‌ನವರ ಡ್ರೈವರ್ ಕಂಪೈಲ್ ಆಗಲೇ ಇಲ್ಲ. ಅದನ್ನು ಬಿಟ್ಟು ಸ್ಲಬ್ ಡೀಬಗ್ (ಕರ್ನಲ್ ಹಂಚುವ ಮೆಮೊರಿ ತುಂಡುಗಳನ್ನು ಪರೀಕ್ಷಿಸುವ ಸೌಲಭ್ಯ) ಆನ್ ಮಾಡಿದೆ, ಅದರ ಎಫ್, ಝಡ್, ಪಿ, ಯು ಆಯ್ಕೆ ನಾಲ್ಕೂ, ಆದರೆ 64 ಬೈಟ್ ಕ್ಯಾಶ್‌ಗೆ (ಆ ಅಳತೆಯ ತುಂಡುಗಳ ಗುಂಪಿಗೆ) ಮಾತ್ರ. ಆ ಕ್ಯಾಶ್‌ನ ವ್ಯಾಲಿಡೇಟ್ ಫೈಲ್‌ಗೆ ನಿಮಿಷಕ್ಕೊಮ್ಮೆ 1 ಬರೆಯುವ ಸ್ಕ್ರಿಪ್ಟ್ ಹಾಕಿದೆ, ಬರೆದಾಗೆಲ್ಲ ಕರ್ನಲ್ ಆ ತುಂಡುಗಳನ್ನು ತಪಾಸಣೆ ಮಾಡುತ್ತದೆ. ಇದನ್ನು ಜಾಸ್ತಿ ಜನ ಬಳಸುವುದಿಲ್ಲ, ನನಗೆ ಇದೇ ಕೈ ಹಿಡಿದದ್ದು. ಎರಡನೇ ಸಂಜೆ "ರೆಡ್‌ಝೋನ್ ಓವರ್‌ರಿಟನ್" ಬಂತು, ಅಂದರೆ ತುಂಡಿನ ಅಂಚಿನ ಕಾವಲು ಬೈಟ್‌ಗಳ ಮೇಲೆ ಯಾರೋ ಬರೆದಿದ್ದಾರೆ. ಆ ಮೆಮೊರಿ ಕೇಳಿದವರ ಹೆಸರಿನ ಜಾಗದಲ್ಲಿ ಆರ್‌ಎಸ್-485 ಡ್ರೈವರ್‌ನ ಫಂಕ್ಷನ್.

ಸೋರ್ಸ್ ನೋಡಿದೆ. ಸೆನ್ಸರ್‌ನಿಂದ 20 ರಿಜಿಸ್ಟರ್ (ತಲಾ ಎರಡು ಬೈಟ್‌ನ ಅಂಕಿ) ಕೇಳುತ್ತೇವೆ, ಉತ್ತರದಲ್ಲಿ 40 ಬೈಟ್ ಡೇಟಾ, ಹಿಂದೆ ಮುಂದೆ 5, ಒಟ್ಟು 45. ಅದನ್ನು ಇಟ್ಟುಕೊಳ್ಳುವ ಮೆಮೊರಿ, ಅಂದರೆ ಬಫರ್, 48 ಬೈಟ್. ಆದರೆ ಎಷ್ಟು ಕಾಪಿ ಮಾಡಬೇಕು ಅನ್ನುವುದನ್ನು ಫ್ರೇಮ್‌ನಲ್ಲಿ (ಒಂದು ಪೂರ್ತಿ ಉತ್ತರದಲ್ಲಿ) ಬಂದ ಉದ್ದದ ಬೈಟ್ ನೋಡಿ ತೀರ್ಮಾನಿಸಿದ್ದರು, ಅದೂ ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಅಂತ ತಿಳಿಸುವ ಲೆಕ್ಕ) ನೋಡುವ ಮೊದಲೇ! ಸ್ಟಾರ್ಟರ್ ಬಿದ್ದಾಗ ತಂತಿಯಲ್ಲಿ ಒಂದು ಬಿಟ್ ತಿರುಗಿದರೆ 40 ಹೋಗಿ 56 ಆಗುತ್ತದೆ, ಇಲ್ಲವೇ 168. 56 ಆದರೆ ಒಟ್ಟು 61. ಕರ್ನಲ್ 48 ಕೇಳಿದವರಿಗೆ 64 ಕೊಟ್ಟಿರುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. 168 ಆದರೆ ಪಕ್ಕದವರ ಮನೆಗೆ ನುಗ್ಗುತ್ತದೆ, ಅವರು ಆ ಮೆಮೊರಿ ಮುಟ್ಟಿದಾಗ ಸಾವು. ಅರ್ಧ ಗಂಟೆ ತಡ ಆಗುತ್ತಿದ್ದದ್ದು ಇದಕ್ಕೇ.

ಮೊದಲ ರಿಪೇರಿಯಲ್ಲಿ ಬಫರ್ 256 ಮಾಡಿದೆ. ದಿನಾ ಸಾಯುತ್ತಿದ್ದದ್ದು ತಿಂಗಳಿಗೊಮ್ಮೆ ಸಾಯತೊಡಗಿತು. ಇದು ಇನ್ನೂ ಕೆಟ್ಟದ್ದು, ಸರಿಹೋಯಿತು ಅಂತ ಬಿಲ್ ಕೊಟ್ಟುಬಿಟ್ಟಿದ್ದೆ. ಉದ್ದದ ಬೈಟ್ ಗರಿಷ್ಠ 255, ಅದಕ್ಕೆ 5 ಸೇರಿದರೆ 260 ಅಲ್ವಾ, ನಾಲ್ಕು ಬೈಟ್ ಹೊರಗೆ. ಎರಡನೇ ಸಲ ಉದ್ದಕ್ಕೆ ಮಿತಿ ಹಾಕಿದೆ, ಆದರೆ ಒಟ್ಟು ಉದ್ದವನ್ನು ಯು8ನಲ್ಲಿ (255ರ ತನಕ ಮಾತ್ರ ಹಿಡಿದು ಮತ್ತೆ ಸೊನ್ನೆಯಿಂದ ಎಣಿಸುವ ಒಂದು ಬೈಟ್) ಇಟ್ಟಿದ್ದೆ. 260 ಅಲ್ಲಿ 4 ಆಯಿತು, ಮಿತಿಯೊಳಗೇ ಇದೆ ಅಂತ ಪಾಸಾಯಿತು. ಮುಂದೆ ಅದರಿಂದ 5 ಕಳೆದರೆ ಮೈನಸ್ 1. ಕಾಪಿ ಮಾಡುವ ಫಂಕ್ಷನ್ ಮೆಮ್‌ಕಾಪಿ ಅದನ್ನು ನಾನ್ನೂರು ಕೋಟಿಗೂ ಹೆಚ್ಚು ಬೈಟ್ ಅಂತ ಓದಿಕೊಂಡಿತು.

ಮೂರನೆಯ ರಿಪೇರಿ ಗಟ್ಟಿಯಾಗಿ ನಿಂತಿತು. ನಾನು ಎಷ್ಟು ರಿಜಿಸ್ಟರ್ ಕೇಳಿದೆ ಅನ್ನುವುದು ನನಗೇ ಗೊತ್ತಿದೆ, ಸೆನ್ಸರ್ ಹೇಳುವ ಉದ್ದ ನನಗೇಕೆ? ಎರಡೂ ಹೊಂದದಿದ್ದರೆ ಫ್ರೇಮ್ ಎಸೆಯುವುದು, ಮೊದಲು ಸಿಆರ್‌ಸಿ, ಆಮೇಲೆ ಕಾಪಿ. ಒಟ್ಟು ಹನ್ನೊಂದೋ ಹನ್ನೆರಡೋ ಸಾಲು. ಎಸೆದ ಮೇಲೆ ಮುಂದಿನ ಫ್ರೇಮ್‌ನ ತಲೆ ಹೇಗೆ ಹುಡುಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಹೊಟ್ಟೆಪಾಡು.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಡ್ರೈವರ್‌ನ ಕಾಪಿ ಮಾಡುವ ಭಾಗವನ್ನಷ್ಟೇ ಲ್ಯಾಪ್‌ಟಾಪ್‌ನ ಕ್ಯೂಎಮುನಲ್ಲಿ (ಕಂಪ್ಯೂಟರ್ ಒಳಗೆ ನಕಲಿ ಕಂಪ್ಯೂಟರ್) ಹೊಸ ಕರ್ನಲ್ ಮೇಲೆ ಓಡಿಸಿ, ಕಸಾನ್ ಹಾಕಿ, ಸುಳ್ಳು ಫ್ರೇಮ್ ಕೊಟ್ಟೆ. 56 ಕೊಟ್ಟ ಕೂಡಲೇ ಹಿಡಿಯಿತು. ನಮ್ಮ ಹಳೆಯ ಕರ್ನಲ್‌ನ ಸ್ಲಬ್ ಡೀಬಗ್ ಬಿಟ್ಟುಬಿಡುವ, 48ರಿಂದ 64ರವರೆಗಿನ ಆ 16 ಬೈಟ್ ಸಂದನ್ನೂ ಅದು ಬಿಡುವುದಿಲ್ಲ. ತಂತಿಯ ತುದಿಗೆ 120 ಓಮ್ ರೆಸಿಸ್ಟರ್ ಹಾಕಿದ್ದರಿಂದಲೂ ಕೆಟ್ಟ ಫ್ರೇಮ್ ಅರ್ಧದಷ್ಟು ಇಳಿದವು. ಆ ರೆಸಿಸ್ಟರ್‌ಗೆ ಐದು ರೂಪಾಯಿಯೂ ಇಲ್ಲ.

ಈಗ ಏಳು ತಿಂಗಳಾಯಿತು, ಹನ್ನೆರಡರಲ್ಲಿ ಒಂದೂ ಬಿದ್ದಿಲ್ಲ. ಎಸೆದ ಫ್ರೇಮ್‌ಗಳ ಲೆಕ್ಕ ಡ್ರೈವರ್‌ನಲ್ಲೇ ಇಟ್ಟಿದ್ದೇನೆ. ಚೇಳೂರಿನ ಡಬ್ಬಿಯಲ್ಲಿ ಆ ಲೆಕ್ಕ ಮೊನ್ನೆ 900 ದಾಟಿತ್ತು. ಪಾಲುದಾರ ಅದನ್ನು ನೋಡಿ, ಉಳಿದ ಸರ್ಜ್ ಪ್ರೊಟೆಕ್ಟರ್‌ಗಳ ಆರ್ಡರ್ ಕ್ಯಾನ್ಸಲ್ ಮಾಡಿದ.